ಕೀಲಿ ಬೇಡದ ಗಡಿಯಾರ



ಮನೆಯ ಹಿರಿಯರು ವಾರಕ್ಕೊಮ್ಮೆ ಮಣೆಯ ಮೇಲೆ ನಿಂತು, ಗೋಡೆಯ ಗಡಿಯಾರದ ಗಾಜಿನ ಬಾಗಿಲನ್ನು ತೆರೆದು, ಸುತ್ತುಗಳನ್ನು ಎಣಿಸಿಕೊಳ್ಳುತ್ತ ಕೀಲಿ ಕೊಡುತ್ತಿದ್ದುದನ್ನು ತಮ್ಮಲ್ಲಿ ಅನೇಕರು ಕಂಡಿರಬೇಕು. 1864ರಲ್ಲಿ ನಿರ್ಮಿತವಾದಂದಿನಿಂದ ಒಮ್ಮೆಯೂ ಅಂಥ ಕೈಯೊಂದನ್ನು ಬಯಸದ ಗಡಿಯಾರವೊಂದರ ಸಂಗತಿಯನ್ನು ಇಂದು ತಮ್ಮ ಮುಂದೆ ನಿವೇದಿಸಬೇಕೆಂದಿದ್ದೇನೆ.

ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ, ಒಟಾಗೊ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿರುವ ಈ ಗಡಿಯಾರವನ್ನು ರಚಿಸಿದವನು ಆರ್ಥರ್ ಬೆವರ್ಲಿ. 1822ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿ, ಸಮುದ್ರ ದಾಟಿ ಬಂದು ಅಲ್ಲಿ ನೆಲಸಿದ ಈತ ಕಸಬಿನಿಂದ ಗಡಿಯಾರಗಾರ, ಒಲವಿನಿಂದ ಗಣಿತಜ್ಞ. ಆ ಊರಿನಾಚೆಗೆ ಇವನ ಹೆಸರನ್ನು ಬಲ್ಲವರು ವಿರಳ.

ಈ ಗಡಿಯಾರದ ಆಹಾರವೆಲ್ಲ ಗಾಳಿ. ಒಂದು ಘನ ಅಡಿಯ ಪೆಟ್ಟಿಗೆಯೊಳಗೆ ಎಲ್ಲಿಯೂ ಸೋರದಂತೆ ಬಂಧಿತವಾದ ಗಾಳಿಯು ಹಗಲಿನ ಬಿಸುಪಿಗೆ ಹಿಗ್ಗಿ, ಇರುಳಿನ ತಂಪಿಗೆ ಕುಗ್ಗಿ, ಹೊರಗಿನ ವಾಯುಭಾರದ ಏರಿಳಿತಕ್ಕೂ ಓಗೊಟ್ಟು, ತನಗೆ ತಗುಲಿರುವ ಪೊರೆಯೊಂದು ಚಲಿಸುವಂತೆ ಮಾಡುತ್ತದೆ. ಆ ಚಲನೆ ಭಾರದ ಗುಂಡನ್ನು ಮೇಲೆತ್ತುತ್ತದೆ. ಗುಂಡು ಮೆಲ್ಲಮೆಲ್ಲನೆ ಇಳಿಯುತ್ತ ಚಕ್ರಗಳನ್ನು ನಡೆಸುತ್ತದೆ. ದಿನವೊಂದರಲ್ಲಿ ಉಷ್ಣತೆ 6 ಡಿಗ್ರಿ ಫ್ಯಾರನ್‌ಹೀಟಿನಷ್ಟು ವ್ಯತ್ಯಾಸಗೊಂಡರೆ ಒಂದು ಪೌಂಡಿನ ತೂಕ ಒಂದು ಅಂಗುಲ ಮೇಲೇರುವಷ್ಟು ಶಕ್ತಿ ದೊರೆಯುತ್ತದೆ. ನೀರಿನ ಸಣ್ಣ ಚೊಂಬೊಂದನ್ನು ಹೆಬ್ಬೆರಳಗಲ ಎತ್ತಿದಷ್ಟು ಕೆಲಸ! ಅಹೋರಾತ್ರಿ ನಡೆಯುವುದಕ್ಕೆ ಅಷ್ಟು ಸಾಕಾಗುವಂತೆ ಯಂತ್ರವನ್ನು ಹಗುರಗೊಳಿಸಿದ ಆ ಕೈಯ ನಯವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿಬರುತ್ತದೆ.

ಅವನಿಗಿಂತ ಮುಂಚೆ, 18ನೆಯ ಶತಮಾನದಲ್ಲಿ, ಲಂಡನ್ನಿನ ಜೇಮ್ಸ್ ಕಾಕ್ಸ್ ಎಂಬವನು ರಾಶಿ ಪಾದರಸವನ್ನು ತುಂಬಿ ವಾಯುಭಾರದಿಂದ ನಡೆಯುವ ಗಡಿಯಾರವನ್ನು ಮಾಡಿಸಿ, ಅದನ್ನು ನಿತ್ಯಚಲನ ಯಂತ್ರವೆಂದು ಸಾರಿದ್ದನು. ಬೆವರ್ಲಿಯ ಕೃತಿಗೂ ಕೆಲವರು ಆ ಬಿರುದನ್ನು ಕೊಡುವುದುಂಟು. ನನ್ನ ಮಟ್ಟಿಗೆ ಅದು ಅವನಿಗೆ ಸಲ್ಲದ ಹೊಗಳಿಕೆ. ಶೂನ್ಯದಿಂದ ಶಕ್ತಿಯನ್ನು ಹುಟ್ಟಿಸುವ ಭ್ರಮೆ ಇಲ್ಲಿಲ್ಲ. ಸೂರ್ಯನು ದಿನವೂ ಕೊಟ್ಟುಹೋಗುವ ತಾಪದಲ್ಲಿ ಅಣುವಿನಷ್ಟನ್ನು ಆಯ್ದುಕೊಳ್ಳುವ ವಿವೇಕವಿದೆ.

ಇದು ನಿಂತೇ ಇಲ್ಲವೆಂದೂ ಅಲ್ಲ. ಕೊಳೆ ತೆಗೆಯಬೇಕಾದಾಗ ನಿಂತಿದೆ, ಭಾಗಗಳು ಕೆಟ್ಟಾಗ ನಿಂತಿದೆ, ವಿಭಾಗವು ಬೇರೆ ಕಟ್ಟಡಕ್ಕೆ ಹೋದಾಗಲೂ ನಿಂತಿದೆ. ಕೆಲವೊಮ್ಮೆ ಮಾತ್ರ ಯಾವ ಕೇಡೂ ಇಲ್ಲದೆ, ಹಗಲಿಗೂ ಇರುಳಿಗೂ ತಾಪದಲ್ಲಿ ಸಾಕಷ್ಟು ಭೇದವಿಲ್ಲವೆಂಬ ಒಂದೇ ಕಾರಣದಿಂದ ಸುಮ್ಮನಾಗಿದೆ. ಅಂಥ ವೇಳೆಯಲ್ಲಿ ಕೀಲಿಯನ್ನು ಹುಡುಕುವ ಪ್ರಮೇಯವೇ ಬರುವುದಿಲ್ಲ, ಕೋಣೆಯ ಗಾಳಿ ಮತ್ತೆ ಬೆಚ್ಚಗಾಗಿ ತಣಿಯತೊಡಗಿದರೆ ಗುಂಡು ಮೇಲೇರುತ್ತದೆ, ಮುಳ್ಳು ಕದಲುತ್ತದೆ.