ಬೆಳ್ಳಿ ಲೋಟಕ್ಕೆ ಮೈಲಿಗೆ ಇಲ್ಲ
(ಭರಮಸಾಗರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಇವತ್ತು ಬೆಳ್ಳಿ ತಟ್ಟೆ, ಬೆಳ್ಳಿ ಲೋಟದ ಮಾತು. ಸ್ಟೀಲ್ ತಟ್ಟೆ ಹಿಡಿದು ಸಾಲಲ್ಲಿ ನಿಲ್ಲೋ ನಮಗೂ ಬೆಳ್ಳಿಗೂ ಏನು ಸಂಬಂಧ ಅಂತ ನಗಬೇಡಿ. ಸಂಬಂಧ ಬಲು ಹಳೇದು.

ಮನುಸ್ಮೃತಿ ತೆಗೆದು ನೋಡಿ. ಕೆತ್ತನೆಯಿಲ್ಲದ ಬೆಳ್ಳಿ ಪಾತ್ರೆ ಬರೀ ನೀರಿನಿಂದ ಶುದ್ಧ ಅಂತ ಐದನೇ ಅಧ್ಯಾಯ ಹೇಳುತ್ತೆ. ಚಂಡಾಲರಿಗೆ ಒಡೆದ ಪಾತ್ರೆಯ ಊಟ, ಹೆಣದ ಬಟ್ಟೆ, ಕಬ್ಬಿಣದ ಒಡವೆ ಅಂತ ಹತ್ತನೇ ಅಧ್ಯಾಯ. ಪಾತ್ರೆಗೆ ನೀರು ಸಾಕು, ಮನುಷ್ಯನಿಗೆ ಸಾಲದು! 1927ರ ಡಿಸೆಂಬರ್ 25ರಂದು ಬಾಬಾಸಾಹೇಬರು ಮಹಾಡದಲ್ಲಿ ಅದನ್ನು ಸುಡಿಸಿದ್ದು ಸುಮ್ಮನೆ ಅಲ್ಲ.

ಆ ಮಡಿ ಬೆಳ್ಳಿ ಬಂದದ್ದಾದರೂ ಎಲ್ಲಿಂದ? ಈ ನಾಡಲ್ಲಿ ಬೆಳ್ಳಿ ಗಣಿ ಕಮ್ಮಿ. ಮೆಣಸು, ಬಟ್ಟೆ ಕೊಳ್ಳಲು ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಹಡಗಲ್ಲಿ ಹೊತ್ತು ತಂದದ್ದರಲ್ಲಿ ಬಹುಪಾಲು ಅಮೆರಿಕ ಖಂಡದ ಬೆಳ್ಳಿ. ಅಲ್ಲಿನ ದೊಡ್ಡ ಗಣಿ ಇಂದಿನ ಬೊಲಿವಿಯಾದ ಪೊಟೊಸಿ ಬೆಟ್ಟ. ಸ್ಪೇನಿನವರು ಅದನ್ನು 1545ರಿಂದ ಅಗೆಸಿದರು. 1573ರಿಂದ 'ಮಿತಾ' ಅಂತ ಕಡ್ಡಾಯ ದುಡಿಮೆ ಹೇರಿದರು. ಸುತ್ತಲ ಪ್ರಾಂತ್ಯಗಳ ಮೂಲನಿವಾಸಿ ಗಂಡಸರಲ್ಲಿ ಏಳಕ್ಕೊಬ್ಬ ಸರದಿ ಮೇಲೆ ಗಣಿಗೆ ಹೋಗಲೇಬೇಕು. ಕೊಟ್ಟ ಕೂಲಿ ಹೊಟ್ಟೆಗೆ ಸಾಲದು. ಅದಿರಿನ ಪುಡಿಗೆ ಪಾದರಸ ಹಾಕಿ ಕಾಲಲ್ಲಿ ತುಳಿದವರು ಅವರೇ, ಆ ವಿಷದ ಹೊಗೆ ಕುಡಿದವರೂ ಅವರೇ. ಇದು 1812ರವರೆಗೆ ನಡೀತು. ನಮ್ಮ ದಣಿಗಳ ಮನೆಯ ಹಳೇ ಚೊಂಬಿನಲ್ಲಿ ಆ ಬೆಟ್ಟದ ಚೂರು ಇದ್ದರೂ ಇರಬಹುದು.

ಅಷ್ಟು ದೂರ ಯಾಕೆ? ನಮ್ಮ ಕೋಲಾರದ ಗಣಿಯಲ್ಲಿ ಚಿನ್ನದ ಜೊತೆ ಒಂದಿಷ್ಟು ಬೆಳ್ಳಿಯೂ ಸಿಗ್ತಿತ್ತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ತಮಿಳು ಸೀಮೆಯಿಂದ ಬಂದ ದಲಿತರು. ಕಲ್ಲಿನ ಧೂಳು ಎದೆಗೂಡಲ್ಲಿ ಕೂತು ಸಿಲಿಕೋಸಿಸ್ ಆಯ್ತು. ಕಳ್ಳರ ಹಾಗೆ ಬೆರಳಚ್ಚು ಕೊಡಲ್ಲ ಅಂತ 1930ರಲ್ಲೇ ಮುಷ್ಕರ ಹೂಡಿದ ಜನ ಅವರು, ಮರೀಬೇಡಿ. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಸೈನೈಡ್ ಮಣ್ಣಿನ ದಿಬ್ಬಗಳು ಮಾತ್ರ ಅವರ ಮನೆಗಳ ಪಕ್ಕದಲ್ಲೇ ಉಳಿದವು.

ಇನ್ನು ನಮ್ಮ ಸೀಮೆ. ದಣಿಗಳು ಬೆಳ್ಳಿ ತಟ್ಟೆ ಕೊಂಡ ದುಡ್ಡು ಜೋಳದ ಹೊಲದ್ದು, ಶೇಂಗಾ ಹೊಲದ್ದು. ಹೊಲ ಗೇದವರು ನಮ್ಮ ತಾತಂದಿರು, ಜೀತಕ್ಕಿದ್ದು. ಬಾಯಾರಿ ಅವರು ಹಿತ್ತಲಿಗೆ ಹೋದರೆ ಎತ್ತರದಿಂದ ಬೊಗಸೆಗೆ ನೀರು ಹುಯ್ಯುತ್ತಿದ್ದರು. ಲೋಟದ ಮಾತೇ ಇಲ್ಲ. ಜೀತ ರದ್ದು ಮಾಡೋ ಕಾನೂನು ಬಂದದ್ದು 1976ರಲ್ಲಿ.

ಈಗ ಅದೇ ಹಳೇ ಬೆಳ್ಳಿ 'ಆಂಟಿಕ್' ಆಗಿದೆ. ಕೊಳ್ಳೋರು ಮುದ್ರೆ ನೋಡ್ತಾರೆ, ತೂಕ ನೋಡ್ತಾರೆ, ಯಾವ ಕಾಲದ್ದು ಅಂತ ಕೇಳ್ತಾರೆ. ಅಗೆದವನ ಹೆಸರು ಯಾವ ಮುದ್ರೆಯಲ್ಲೂ ಇಲ್ಲ.

ರಜಕ್ಕೆ ಊರಿಗೆ ಹೋದಾಗ ಅಜ್ಜ ಅಜ್ಜಿಯನ್ನ ಕೇಳಿ: ಯಾರ ಮನೇಲಿ, ಎಷ್ಟು ಸಾಲಕ್ಕೆ, ಎಷ್ಟು ವರ್ಷ ಜೀತ ಇದ್ರಿ ಅಂತ. ಬರೆದುಕೊಂಡು ಬನ್ನಿ. ಊರ ಹೋಟೆಲಲ್ಲಿ ಇನ್ನೂ ಲೋಟ ಬೇರೆ ಇಟ್ಟಿದ್ದರೆ ಅದನ್ನೂ ಬರೀರಿ. ಮುಂದಿನ ಸಭೆಯಲ್ಲಿ ಎಲ್ಲಾ ಓದೋಣ.