ಲಿಂಕನ್ನನ ಸಣ್ಣ ದನಿ



ಮೆಚ್ಚಿದ ನಟನೆಯೊಂದರ ಬಗ್ಗೆ ಮಾತಾಡಿ ಎಂದಾಗ ನಾನು ಅಣ್ಣಾವ್ರ ಹೆಸರು ಹೇಳುತ್ತೇನೆಂದು ಸಂಘಟಕರು ಅಂದುಕೊಂಡಿದ್ದರು. ತಪ್ಪೇನಿಲ್ಲ, 'ಮಯೂರ' ನೋಡಿ ಬೆಳೆದವನು ನಾನು. ಐತಿಹಾಸಿಕ ಚಿತ್ರವೆಂದರೆ ಕಿರೀಟ, ಕತ್ತಿ, ತುಂಬು ಕಂಠ. ಅದಕ್ಕೇ 2012ರ ಚಳಿಗಾಲದಲ್ಲಿ ಸ್ಪೀಲ್‌ಬರ್ಗ್ ಅವರ 'ಲಿಂಕನ್' ನೋಡಲು ಕೂತಾಗ ಮೊದಲು ನಿರಾಶೆಯೇ ಆಯಿತು. ಆರಡಿ ನಾಲ್ಕಂಗುಲದ ಅಧ್ಯಕ್ಷ ಬಾಯಿ ಬಿಟ್ಟರೆ ಸಣ್ಣ, ಕೀರಲು ದನಿ!

ಲಿಂಕನ್ನನ ಮಾತು ಕೇಳಿದ್ದ ಅವನ ಕಾಲದವರು ಬರೆದಿಟ್ಟಿರುವುದೂ ಹಾಗೆಯೇ ಎಂದು ಆಮೇಲೆ ತಿಳಿಯಿತು. ಡೇನಿಯಲ್ ಡೇ-ಲೂಯಿಸ್ ಹುಟ್ಟಿದ್ದು ಲಂಡನ್ನಿನಲ್ಲಿ. ಸಿದ್ಧತೆಗೆ ಒಂದು ವರ್ಷ ಬೇಕೆಂದು ಕೇಳಿ ಪಡೆದು, ಈ ದೇಶದವರು ದೇವರಂತೆ ಕಲ್ಲಿನಲ್ಲಿ ಕೂರಿಸಿರುವ ಮನುಷ್ಯನಿಗೆ ಆ ದನಿ ಕೊಟ್ಟರು. ಧೈರ್ಯ ಬೇಕು.

ನನ್ನ ಜೊತೆ ಅಪ್ಪ ಇದ್ದರು. ತುಮಕೂರಿನ ನಿವೃತ್ತ ಮೇಷ್ಟ್ರು, ಆರು ತಿಂಗಳಿಗೆಂದು ಬಂದಿದ್ದರು. ಅಮೆರಿಕನ್ ಇಂಗ್ಲಿಷ್ ಅವರಿಗೆ ಅರ್ಧ ಸಿಕ್ಕರೆ ಹೆಚ್ಚು. ಹೊರಡುವ ಮುಂಚೆ ಕಥೆ ಹೇಳಿದ್ದೆ: 1865ರ ಜನವರಿ, ಗುಲಾಮಗಿರಿ ರದ್ದು ಮಾಡುವ 13ನೇ ತಿದ್ದುಪಡಿ ಕೆಳಮನೆಯಲ್ಲಿ ಪಾಸಾಗಬೇಕು. ಅಷ್ಟರೊಳಗೆ ಯುದ್ಧ ನಿಂತರೆ ಮತಗಳು ಜಾರಿಹೋಗುತ್ತವೆ.

ಅರ್ಧರಾತ್ರಿಯ ತಂತಿ ಕಚೇರಿಯ ದೃಶ್ಯ ನೋಡಿದವರಿಗೆ ನೆನಪಿರಬಹುದು. ದಕ್ಷಿಣದ ಸಂಧಾನಕಾರರನ್ನು ವಾಷಿಂಗ್ಟನ್‌ಗೆ ಕರೆಸಿಕೊಳ್ಳುವ ಸಂದೇಶ ಬರೆಸಿಯಾಗಿದೆ. ಇನ್ನೂ ಕಳಿಸಿಲ್ಲ. ಲಿಂಕನ್ ಇಬ್ಬರು ಹುಡುಗರೊಂದಿಗೆ ಹರಟೆಗೆ ಕೂರುತ್ತಾನೆ. ಇಂಜಿನಿಯರ್ ಹುಡುಗನಿಗೆ ಯೂಕ್ಲಿಡ್ ಗೊತ್ತಿರಬೇಕಲ್ಲ ಎನ್ನುತ್ತಾನೆ. ಒಂದೇ ವಸ್ತುವಿಗೆ ಸಮನಾದವು ಪರಸ್ಪರ ಸಮ, ನಾವೆಲ್ಲ ಹೈಸ್ಕೂಲಿನಲ್ಲಿ ಉರು ಹೊಡೆದದ್ದೇ. ಹೇಳುತ್ತ ಹೇಳುತ್ತ ಅವನಿಗೇ ಏನೋ ಹೊಳೆಯುತ್ತದೆ. ಸಂದೇಶ ಬದಲಾಗುತ್ತದೆ: ಅವರು ಇತ್ತ ಬರುವುದು ಬೇಡ. ಯುದ್ಧ ಇನ್ನಷ್ಟು ದಿನ ನಡೆಯಲಿ ಎಂಬ ನಿರ್ಧಾರ ಅದು. ಸಾಯುವವರು ಇನ್ನೂ ಸಾಯುತ್ತಾರೆ. ಡೇ-ಲೂಯಿಸ್ ಅಲ್ಲಿ ಹುಬ್ಬು ಗಂಟಿಕ್ಕುವುದಿಲ್ಲ, ಕಣ್ಣೀರಿಲ್ಲ. ದಣಿದ ಬೆನ್ನು, ಶಾಲು, ಮೆಲುಮಾತು. ಇಡೀ ಚಿತ್ರದಲ್ಲಿ ದನಿ ಏರುವುದು ಅಪರೂಪ. ಹಾಗಾಗಿ ಸಚಿವರ ಮುಂದೆ ಮೇಜಿಗೆ ಬಡಿದಾಗ ನಾವೂ ಬೆಚ್ಚುತ್ತೇವೆ.

ಚಿತ್ರದಲ್ಲಿ ಲೋಪಗಳಿಲ್ಲವೆಂದಲ್ಲ. ಕರಿಯರ ಹೋರಾಟ ತೆರೆಯ ಅಂಚಿಗೆ ಸರಿದಿದೆ. ಕನೆಕ್ಟಿಕಟ್‌ನ ಇಬ್ಬರು ಪ್ರತಿನಿಧಿಗಳು ವಿರುದ್ಧ ಮತ ಹಾಕಿದಂತೆ ತೋರಿಸಿದ್ದಾರೆ, ನಿಜಕ್ಕೂ ನಾಲ್ವರೂ ಪರವಾಗಿ ಹಾಕಿದ್ದರು. ಅಲ್ಲಿಂದ ಬಂದವರು ಇಲ್ಲಿದ್ದರೆ ಸಿಟ್ಟಾಗಲು ಪೂರ್ತಿ ಹಕ್ಕಿದೆ!

ಆ ನಟನೆಗೆ 2013ರಲ್ಲಿ ಆಸ್ಕರ್ ಬಂತು. ಶ್ರೇಷ್ಠ ನಟ ಪ್ರಶಸ್ತಿಯನ್ನು ಮೂರು ಸಲ ಗೆದ್ದ ಮೊದಲ ವ್ಯಕ್ತಿ ಡೇ-ಲೂಯಿಸ್. ನನ್ನ ಮನೆಯಲ್ಲಿ ತೀರ್ಪು ಅದಕ್ಕೂ ಮುಂಚೆಯೇ ಬಂದಿತ್ತು.

ಆ ವರ್ಷ ಕೆಲಸದಲ್ಲಿ ಮೇಲಿನವರೊಬ್ಬರು ನನ್ನ ಮಾತು ಅರ್ಥವಾಗುವುದಿಲ್ಲವೆಂದು ವಾರ್ಷಿಕ ವರದಿಯಲ್ಲಿ ಬರೆದಿದ್ದರು. ಉಚ್ಚಾರಣೆಯ ಸಂಗತಿ, ನಿಮಗೆ ವಿವರಿಸಬೇಕಿಲ್ಲ. ಅಂದಿನಿಂದ ಮೀಟಿಂಗ್‌ಗಳಲ್ಲಿ ಗಟ್ಟಿಯಾಗಿ ಮಾತಾಡತೊಡಗಿದ್ದೆ. ಮನೆಯಿಂದ ಕಾಲ್‌ಗೆ ಕೂತರೆ ಅಪ್ಪ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. "ಯಾರನ್ನೋ ಬೈತಿದ್ದೀಯ?" ಎಂದು ಕೇಳಿದ್ದೂ ಉಂಟು.

ಕೊನೆಯಲ್ಲಿ ಲಿಂಕನ್ ನಾಟಕಕ್ಕೆ ಹೊರಡುತ್ತಾನೆ. ಕೈಗವಸು ಮೇಜಿನ ಮೇಲೆ ಬಿಟ್ಟು, ಉದ್ದನೆಯ ಓಣಿಯಲ್ಲಿ ಬೆನ್ನು ತೋರಿಸಿ ನಡೆಯುತ್ತಾನೆ, ಕಾಲು ಎಳೆದಂತೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಹೊರಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಿದ್ದಾಗ ಹೇಳಿದರು:

"ನನಗೆ ಮಾತು ಪೂರ್ತಿ ತಿಳೀಲಿಲ್ಲ ಕಣೋ. ಆದರೂ ಅವನು ಮಾತಾಡುವಾಗ ಎಲ್ಲರೂ ಹತ್ತಿರ ಬಗ್ಗಿ ಕೇಳ್ತಿದ್ರು, ನೋಡಿದೆಯಾ?"

ಮರುದಿನ ಎಂಟು ಗಂಟೆಗೆ ನನಗೆ ಕಾಲ್ ಇತ್ತು. ಬಾಗಿಲು ತೆರೆದೇ ಇಟ್ಟು ಕೂತೆ.