ನೆರಳಿನ ಕಾಫಿಗೆ ಲೋಕದ ಸಂತೆ



ಚಿಕ್ಕಮಗಳೂರಿನವರ ಮುಂದೆ ಕಾಫಿಯನ್ನು ಹೊಗಳುವ ಅಗತ್ಯವಿಲ್ಲ. ಈ ಕಾಫಿ ಮೇಳದಲ್ಲಿ ಲೆಕ್ಕದ ಮಾತಾಡೋಣ. ದೇಶದ ಕಾಫಿಯಲ್ಲಿ ಸುಮಾರು ಶೇ. 70 ಕರ್ನಾಟಕದ್ದು. ಬೆಳೆದದ್ದರಲ್ಲಿ ದೊಡ್ಡ ಪಾಲು ಇಟಲಿ, ಜರ್ಮನಿ, ರಷ್ಯಾ ಮುಂತಾದ ಕಡೆಗೆ ಹಡಗು ಹತ್ತುತ್ತದೆ. ಆದರೂ ಲೋಕದ ಒಟ್ಟು ಬೆಳೆಯಲ್ಲಿ ನಮ್ಮದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಬ್ರೆಜಿಲ್‌ನ ಬಯಲು ತೋಟಗಳಲ್ಲಿ ಯಂತ್ರವೇ ಹಣ್ಣು ಕೊಯ್ಯುತ್ತದೆ. ವಿಯೆಟ್ನಾಂ ಎಕರೆಗೆ ನಮ್ಮ ಎರಡು ಪಟ್ಟು ರೊಬಸ್ಟಾ ತೆಗೆಯುತ್ತದೆ. ನಮ್ಮ ಇಳಿಜಾರಿನಲ್ಲಿ ಕೈಯಿಂದಲೇ ಬಿಡಿಸಬೇಕು. ಕೂಲಿಯೂ ಏರುತ್ತಿದೆ, ಆಳೂ ಸಿಗುತ್ತಿಲ್ಲ. ಅಗ್ಗದ ಮಾಲಿನಲ್ಲಿ ಅವರನ್ನು ಮೀರಿಸುವ ಆಸೆ ಬಿಡೋಣ.

ನಮ್ಮ ಬಲ ಮರಗಳಲ್ಲಿದೆ. ಹಲಸು, ಅತ್ತಿ, ನಂದಿಯ ನೆರಳಲ್ಲಿ, ಮೆಣಸಿನ ಬಳ್ಳಿಯ ಜೊತೆ ನಮ್ಮ ಗಿಡ ಬೆಳೆಯುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ತನಗೆ ಬೇಡವೆಂದು ಯುರೋಪ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿತು. ಅದರ ಜಾರಿ ಮುಂದಕ್ಕೆ ಹೋಗಿದೆ ಎಂದು ಸುಮ್ಮನೆ ಕೂರಬೇಡಿ. ಮರ ಉಳಿಸಿಕೊಂಡವರಿಗೆ ಅದರಿಂದ ಲಾಭವೇ. ಆದರೆ ತೋಟದ ಜಿಪಿಎಸ್ ಗುರುತು, ಪಹಣಿ, ಮಾರಾಟದ ಚೀಟಿ ಇಲ್ಲದಿದ್ದರೆ ಕೊಳ್ಳುವವನು ನಮ್ಮ ಮಾತನ್ನು ನಂಬುವುದಿಲ್ಲ.

ಇನ್ನು ರುಚಿ. ಅದು ಕೆಡುವುದೂ ಉಳಿಯುವುದೂ ಕೊಯ್ಲಿನಿಂದ ಕಣದವರೆಗಿನ ಕೆಲವೇ ದಿನಗಳಲ್ಲಿ. ಹಸಿರು ಕಾಯಿಯನ್ನೂ ಹಣ್ಣನ್ನೂ ಒಟ್ಟಿಗೆ ಉದುರಿಸಿದರೆ, ಪಲ್ಪಿಂಗನ್ನು ಮರುದಿನಕ್ಕೆ ಬಿಟ್ಟರೆ, ತೇವ ಶೇ. 10ರ ಆಸುಪಾಸಿಗೆ ಇಳಿಯುವ ಮೊದಲೇ ಪಾರ್ಚ್‌ಮೆಂಟ್ ಚೀಲ ಕಟ್ಟಿದರೆ, ಬೂಷ್ಟಿನ ವಾಸನೆ ಕೊಳ್ಳುವವನ ಲೋಟದವರೆಗೂ ಹೋಗುತ್ತದೆ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲೇ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೂ ನಮ್ಮ ಬಹಳಷ್ಟು ಬೀಜ ಹೊರದೇಶದ ಮಿಶ್ರಣದಲ್ಲಿ ಹೆಸರಿಲ್ಲದೆ ಕರಗುತ್ತದೆ. ಹೆಸರಿಗೆ ತಕ್ಕ ಮಾಲು ವರ್ಷವರ್ಷವೂ ಕೊಟ್ಟರೆ ಮಾತ್ರ ಹೆಸರಿಗೆ ಬೆಲೆ.

ಬ್ರೆಜಿಲ್, ವಿಯೆಟ್ನಾಂಗಳಿಗೆ ಬರ ತಟ್ಟಿದಾಗ ನಮಗೆ ಒಳ್ಳೆಯ ದರ ಬಂತು. ಈ ಶತಮಾನದ ಆರಂಭದಲ್ಲಿ ಅದೇ ದರ ನೆಲಕಚ್ಚಿದ್ದನ್ನು ಹಿರಿಯರು ಮರೆತಿಲ್ಲ. ಕೈಗೆ ಬಂದ ದುಡ್ಡಿನಲ್ಲಿ ಒಂದು ಪಾಲನ್ನು ಕಣಕ್ಕೆ, ಪಲ್ಪರ್‌ಗೆ, ಮರುನಾಟಿಗೆ ಹಾಕಿ. ಸಣ್ಣ ಬೆಳೆಗಾರರು ನಾಲ್ಕಾರು ಮಂದಿ ಕೂಡಿ ಹಾಕಿ. ಇಲ್ಲಿನ ಮಳಿಗೆಗಳಲ್ಲಿ ತೇವ ಅಳೆಯುವ ಯಂತ್ರವಿದೆ, ರುಚಿ ನೋಡುವ ಕಪ್ಪಿಂಗ್ ಮೇಜು ಇದೆ. ನಿಮ್ಮ ತೋಟದ ಬೀಜವನ್ನೇ ತಂದು ಪರೀಕ್ಷಿಸಿ, ದರ ಕೇಳಿ, ಚೌಕಾಶಿ ಮಾಡಿ. ಮೇಳ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.